ನಾನೂರರಲ್ಲಿ ಒಂದು

ಒಬ್ಬರೇ ಕೂರುವಂಥ ಆ ಮರದ ವಿಮಾನವನ್ನು ಬಡಗಿ ಲಿಂಗಾಚಾರಿ, ಮಿಲ್ಲಿನ ಸಾಹುಕಾರರ ಶೆಡ್ಡಿನಲ್ಲಿ ಮೂರು ವರ್ಷ ಬೆವರು ಸುರಿಸಿ ಕಟ್ಟಿದ್ದ. ಪೇಪರಿನವರು ಬಂದ ದಿನ ಸಾಹುಕಾರರು, "ಲೋ ಆಚಾರಿ, ಆ ಕಡೆ ಸರಿ, ಫೋಟೋಗೆ ಅಡ್ಡ ಬರ್ತೀಯ" ಎಂದರು. ಆಮೇಲೆ ರೆಕ್ಕೆಯ ಮೇಲೆ ಕೈಯಿಟ್ಟು, "ಇದರ ನಾನೂರು ಜಾಯಿಂಟನ್ನೂ ನಾನೊಬ್ಬನೇ ಅಂಟಿಸಿದ್ದು" ಎಂದರು. ಆಚಾರಿ ಅಂಟಿನ ಡಬ್ಬಿ ಎತ್ತಿಕೊಂಡು ಆ ಕಡೆ ಸರಿದ.

ಮೊದಲ ಹಾರಾಟ ನೋಡಲು ಊರಿಗೆ ಊರೇ ಸೇರಿತ್ತು. ಸಾಹುಕಾರರು ಹೆಲ್ಮೆಟ್ ಹಾಕಿ ಕೂತಾಗ ಆಚಾರಿ ಅವರ ಕಿವಿಯ ಹತ್ತಿರ ಬಗ್ಗಿದ.

"ಸ್ವಾಮಿ, ಒಂದು ಜಾಯಿಂಟಿಗೆ ನಾನು ಅಂಟೇ ಹಾಕಿಲ್ಲ."

"ಯಾವುದೋ ಅದು?"

"ಎಲ್ಲಾ ತಾವೇ ಅಂಟಿಸಿದ್ದಲ್ವಾ? ತಮಗೇ ಗೊತ್ತಿರಬೇಕು."

ಸಾಹುಕಾರರು ಅಷ್ಟು ಜನರ ಎದುರಲ್ಲೇ ಕೆಳಗಿಳಿದರು. ಬೈದರು, ಕೊನೆಗೆ ಕೈ ಮುಗಿದರು. ಆಚಾರಿ ಬಾಯಿ ಬಿಡಲಿಲ್ಲ. ಮಾರನೆಯ ದಿನ ಸಾಹುಕಾರರು ರೆಕ್ಕೆಗೆ ಹೊದಿಸಿದ್ದ ಬಟ್ಟೆ ಹರಿದರು. ಒಂದೊಂದೇ ಜಾಯಿಂಟಿಗೆ ಉಳಿಯಿಟ್ಟು ಸೀಳುತ್ತಾ ಹೋದರು. ವಾರದೊಳಗೆ ವಿಮಾನ ಸೌದೆಯ ರಾಶಿಯಾಯಿತು.

ಅನ್ನ ಬಡಿಸುತ್ತಾ ಆಚಾರಿಯ ಹೆಂಡತಿ ಕೇಳಿದಳು: "ನನಗಾದ್ರೂ ಹೇಳಿ, ಯಾವುದಕ್ಕೆ ಅಂಟು ಹಾಕಿರಲಿಲ್ಲ?"

ಆಚಾರಿ ಎಂಜಲು ಕೈಯನ್ನೇ ಎತ್ತಿ ತೋರಿಸಿ ಗದರಿದ: "ಒಂದು ಜಾಯಿಂಟನ್ನಾದ್ರೂ ಅಂಟು ಹಾಕದೆ ಬಿಡೋ ಕೈಯೇನೇ ಇದು?"