ಸ್ಕ್ಯಾನಿಗೆ ಮುಂಚೆ ತೆಗೆದಿಟ್ಟದ್ದು

"ರಾತ್ರಿ ನಿದ್ದೆ ಬರುತ್ತಾ?" ವೈದ್ಯೆ ಕೇಳಿದ್ದು ಅವಳನ್ನು.

"ಎಲ್ಲಿ ಮೇಡಂ, ಕಣ್ಣು ಬಿಟ್ಟುಕೊಂಡೇ ಮಲಗಿರ್ತಾಳೆ," ಅಂದದ್ದು ಗಂಡ.

"ಅಳು?"

"ಅದೂ ಇಲ್ಲ. ಮದುವೆಯಾದಾಗಿಂದ ಹೀಗೇ, ಕಲ್ಲಿನ ಥರ. ಎಲ್ಲಾ ಮಾತ್ರೆ ನುಂಗಿಸಿ ಆಯ್ತು."

ಭ್ರಮೆ ಹುಟ್ಟಿಸುವ ಅಣಬೆಯ ಔಷಧ ಮಿದುಳಿನಲ್ಲಿ ಮನಸ್ಸಿನ ಏರಿಳಿತ ನೋಡಿಕೊಳ್ಳುವ ಸೆರೊಟೋನಿನ್ ಗ್ರಾಹಕಗಳನ್ನು ಹೇಗೆ ಎಬ್ಬಿಸುತ್ತದೆ, ಅದರಿಂದ ಖಿನ್ನತೆ ಕರಗುತ್ತದೆಯೇ ಎಂದು ನೋಡುವ ಸಂಶೋಧನೆ ಅದು. ವೈದ್ಯೆ ಎಲ್ಲವನ್ನೂ ವಿವರಿಸುವಷ್ಟು ಹೊತ್ತೂ ಗಂಡ ಫೋನಿನಲ್ಲಿ ಯಾರನ್ನೋ ಗದರಿಸುತ್ತಿದ್ದ. ಕೇಳಿಸಿಕೊಂಡವಳು ಅವಳೊಬ್ಬಳೇ.

ಸ್ಕ್ಯಾನಿನ ಯಂತ್ರದೊಳಗೆ ದೊಡ್ಡ ಆಯಸ್ಕಾಂತ. ಮೈಮೇಲೆ ಚೂರೂ ಲೋಹ ಇರಕೂಡದು. ನರ್ಸ್ ಹಿಡಿದ ಟ್ರೇಯಲ್ಲಿ ಬಳೆ, ಕಾಲುಂಗುರ ಬಿಚ್ಚಿಟ್ಟಳು. ತಾಳಿಗೆ ಕೈ ಹೋದಾಗ ಒಮ್ಮೆ ಬಾಗಿಲ ಕಡೆ ನೋಡಿದಳು. ಮುಚ್ಚಿತ್ತು. ಅದನ್ನೂ ತೆಗೆದಳು.

ಮುಕ್ಕಾಲು ಗಂಟೆಯ ಮೇಲೆ ಹೊರಬಂದವಳ ಮುಖ ನೋಡಿ ಗಂಡ ಹಿಗ್ಗಿಹೋದ.

"ನಗ್ತಿದ್ದಾಳೆ ಮೇಡಂ! ಔಷಧ ಅಂದ್ರೆ ಇದು!" ಟ್ರೇಯಿಂದ ತಾಳಿ ಎತ್ತಿ ಅವಳ ಮುಂದೆ ಹಿಡಿದ. "ಹಾಕ್ಕೋ, ಹೊರಡೋಣ."

"ಬೇಡ."

"ಏನು ಬೇಡ?"

"ತಾಳಿ ಬೇಡ. ಮನೆಗೂ ಬರಲ್ಲ. ನಮ್ಮಕ್ಕನ ಹತ್ರ ಹೋಗ್ತೀನಿ."

ಅವನ ಕೈ ಹಾಗೇ ನಿಂತಿತು. ವೈದ್ಯೆಯ ಕಡೆ ತಿರುಗಿ ಕೂಗಿದ.

"ಏನು ಕೊಟ್ರಿ ಇವಳಿಗೆ? ಈ ಅಮಲು ಯಾವಾಗ ಇಳಿಯುತ್ತೆ?"

"ಆಗಲೇ ಹೇಳಿದ್ನಲ್ಲ, ಇವತ್ತು ತೆಗೆದದ್ದು ಔಷಧಕ್ಕೆ ಮುಂಚಿನ ಚಿತ್ರ," ಅಂದರು ವೈದ್ಯೆ. "ಇವರಿಗೆ ನಾವಿನ್ನೂ ಏನೂ ಕೊಟ್ಟಿಲ್ಲ."