ನೋವು ಹೊರುವವರು

ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಚಿಕಿತ್ಸೆಯೂ ಪುಕ್ಕಟೆ. ಆಪರೇಷನ್ನಿನ ನೋವನ್ನು ಮಾತ್ರ ರೋಗಿಯ ಕಡೆಯವರೊಬ್ಬರು ಮೂರು ದಿನ ತಮ್ಮ ಮೈಮೇಲೆ ಹೊರಬೇಕು. ಹೊಲಿಗೆ ಕೆಲಸದ ರೇಣವ್ವ ಪಿತ್ತಕೋಶದ ಕಲ್ಲು ತೆಗೆಸಲು ನಾಲ್ಕು ಸಲ ಬಂದು ಹಾಗೇ ಮರಳಿ, ಈಗ ಐದನೆಯ ಸಲ ಬಂದಿದ್ದಳು.

"ನಿಮ್ಮ ಕಡಿಯವರು ಯಾರು ಬಂದಾರ?" ನರ್ಸ್ ಮೆತ್ತಗೆ ಕೇಳಿದಳು.

"ಯಾರೂ ಇಲ್ಲವ್ವ. ನಾನ ತಡಕೋತೀನಿ."

"ಹಂಗ ಬರಂಗಿಲ್ಲಮ್ಮ. ಜೀವ ತಡಿಯಂಗಿಲ್ಲ."

ರೇಣವ್ವ ಚೀಲ ಎತ್ತಿಕೊಂಡಳು.

ಪಕ್ಕದಲ್ಲಿ ಒಬ್ಬರು ಮುದುಕರು ನಿಂತಿದ್ದರು. ಹೆಂಡತಿಯ ನೋವು ಹೊರಲೆಂದು ಹೆಸರು ಬರೆಸಿದ್ದವರು. ಆಕೆ ಹೋದ ವಾರ ಆಪರೇಷನ್ನಿಗೆ ಮೊದಲೇ ತೀರಿಕೊಂಡಿದ್ದಳು. ನೋವು ಹೊರುವವರಿಗೆ ಆಸ್ಪತ್ರೆ ಕೊಡುವ ಕೈಪಟ್ಟಿ ಹಿಂತಿರುಗಿಸಲು ಬಂದಿದ್ದರು.

"ನನ್ನ ಹೆಸರು ಬರಕೋರಿ," ಎಂದರು.

"ನಾ ನಿಮಗ ಏನಾಗಬೇಕ್ರಿ?" ಎಂದಳು ರೇಣವ್ವ.

"ಏನೂ ಇಲ್ಲ. ಆಕಿ ಸಲುವಾಗಿ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ. ಅದು ಹಂಗ ಉಳದೈತಿ."

ನರ್ಸ್ ಸಂಬಂಧದ ಕಾಲಂ ಖಾಲಿ ಬಿಟ್ಟು ಹೆಸರು ಬರೆದಳು.

ಮರುದಿನ ಆಪರೇಷನ್ ಮುಗಿದು ಎಚ್ಚರವಾದಾಗ ರೇಣವ್ವನಿಗೆ ನೋವೇ ಇರಲಿಲ್ಲ. ಪರದೆಯ ಆಚೆ ಮುದುಕರು ಅರೆಪ್ರಜ್ಞೆಯಲ್ಲಿ ನರಳುತ್ತಿದ್ದರು.

"ಶಾಂತಾ," ಎಂದು ಹೆಂಡತಿಯನ್ನು ಕರೆದರು, "ನಿನಗ ನೋಯಾಕತ್ತಿಲ್ಲಲ್ಲ?"

ವಾರ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ರೇಣವ್ವ ಪರದೆಯ ಕಡೆ ಹೊರಳಿದಳು.

"ಇಲ್ರಿ," ಎಂದಳು, "ಒಂಚೂರೂ ಇಲ್ಲ."