ಹುಟ್ಟಿದಾಗಿನ ಬಣ್ಣ

ಠಾಣೆಯ ಅಂಗಳದ ಬೇವಿನ ಮರಕ್ಕೆ ಬೆಳ್ಳನೆಯ ಕುದುರೆಯೊಂದನ್ನು ಕಟ್ಟಿದ್ದರು. ಎದುರು ನಿಂತ ಹೊಂಬಾಳಮ್ಮ ಕೊಟ್ಟಿದ್ದ ಏಳು ವರ್ಷದ ಹಳೆಯ ದೂರನ್ನು ಎಸ್‌ಐ ಓದಿದರು.

"ಕಳುವಾಗಿದ್ದು ಕಪ್ಪು ಕುದುರೆಮರಿ ಅಂತ ನೀವೇ ಬರೆಸಿದ್ದೀರಲ್ಲಮ್ಮ. ಇದು ನೋಡಿದ್ರೆ ಹಾಲಿನಂಗಿದೆ!"

ಆ ಕುದುರೆಯನ್ನು ಮದುವೆ ಮೆರವಣಿಗೆಗೆ ಬಾಡಿಗೆ ಕೊಡುವವನು ನಕ್ಕ. "ಅಜ್ಜಿಗೆ ಕಣ್ಣು ಮಂಜು ಸಾರ್."

ಹೊಂಬಾಳಮ್ಮ ಟಾಂಗಾ ಓಡಿಸಿಯೇ ಜೀವ ಸವೆಸಿದವಳು. ಇವತ್ತು ಬಿಟ್ಟರೆ ಕುದುರೆ ಮತ್ತೆ ಕೈಗೆ ಸಿಗುವುದಿಲ್ಲ. ಅವಳು ಅವನತ್ತ ತಿರುಗಿದಳು.

"ಹುಟ್ಟಿದಾಗ ಇದು ಯಾವ ಬಣ್ಣ ಇತ್ತಪ್ಪ?"

"ಬಿಳೀನೇ! ನಮ್ಮ ಲಾಯದಲ್ಲೇ ಹುಟ್ಟಿದ್ದು. ನಾನೇ ಮೈ ಒರೆಸಿದೀನಿ, ನಮ್ಮವ್ವನಾಣೆ."

"ಇದನ್ನ ಬರ್ಕೊಳಿ ಸಾಮಿ."

ಎಸ್‌ಐ ಬರೆದುಕೊಂಡರು. ಅವಳು ಕುದುರೆಯ ಕತ್ತಿನ ಕೂದಲನ್ನು ಬೆರಳಿನಿಂದ ಬಿಡಿಸಿ ಹಿಡಿದಳು. ಒಳಗಿನ ಚರ್ಮ ಇದ್ದಿಲಿನಂತೆ ಕಪ್ಪಗಿತ್ತು.

"ಹುಟ್ಟಿನಿಂದ್ಲೇ ಬೆಳ್ಳಗಿರೋ ಕುದುರೆಗೆ ಚರ್ಮ ಗುಲಾಬಿ ಇರ್ತದೆ ಸಾಮಿ. ಈ ರಕ್ತದ್ದು ಹುಟ್ಟೋದು ಕಪ್ಪಗೆ, ಬರ್ತಾ ಬರ್ತಾ ಬೆಳ್ಳಗಾಗ್ತದೆ. ಇದರ ತಾಯೀನೂ ಹಂಗೇ."

ಬಾಡಿಗೆಯವನ ನಗು ನಿಂತಿತ್ತು. ಹೊಂಬಾಳಮ್ಮ ತಲೆಯ ಮೇಲಿನ ಸೆರಗು ಸರಿಸಿದಳು.

"ಈ ದೂರು ಬರೆಸಿದಾಗ ನನ್ ಕೂದಲೂ ಕಪ್ಪಗೇ ಇತ್ತು."